ಉತ್ತರದ ಕಿಟಕಿ ಕೈಕೊಟ್ಟ ಜೂನ್: ಒಂದು ಗೊಂಬೆ ಫೋಟೊ ಪ್ರಕರಣ

ಜೂನ್ ಎರಡನೇ ವಾರದ ಒಂದು ಸಂಜೆ ಅಕ್ಕ ಮೂರು ರಟ್ಟಿನ ಡಬ್ಬಿ ಹಿಡಿದುಕೊಂಡು ನಮ್ಮ ಸ್ಟುಡಿಯೊಗೆ ಬಂದರು. ಮೂರೂ ವಾಪಸ್ ಬಂದ ಪಾರ್ಸೆಲ್. ಒಂದೊಂದಾಗಿ ಬಿಚ್ಚಿ ಗೊಂಬೆಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಕೂರಿಸಿದರು.

"ನೋಡಪ್ಪಾ ತಮ್ಮಾ, ನಾನೇನಾದ್ರೂ ಸುಳ್ಳು ಹೇಳೀನಾ? ಫೋಟೊ ಹಾಕಿದ್ದು ಇದೇ ಗೊಂಬೆ, ಕಳಿಸಿದ್ದೂ ಇದೇ ಗೊಂಬೆ. ಬೇರೆ ಬಣ್ಣ ಕಳಿಸೀರಿ ಅಂತ ವಾಪಸ್ ಹಾಕ್ಯಾರೆ."

ಅಕ್ಕ ಇರುವುದು ದಾವಣಗೆರೆಯ ವಿನೋಬನಗರದಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ತವರು ನ್ಯಾಮತಿ ಕಡೆಯ ಒಂದು ತಾಂಡಾ. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಅದೇ ತಾಲ್ಲೂಕಿನಲ್ಲಿದೆ. ಅಜ್ಜಿಯಿಂದ ಕಲಿತ ಕಸೂತಿಯನ್ನು ಅಕ್ಕ ಗೊಂಬೆಗಳ ಮೇಲೆ ಹಾಕುತ್ತಾರೆ. ಒಂದೊಂದು ಗೊಂಬೆ 11 ಇಂಚು ಎತ್ತರ. ಒಳಗೆ ಅರಳೆ. ಮೈಗೆ ಕೋರಾ ಬಟ್ಟೆ, ಅದನ್ನು ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸುತ್ತಾರೆ, ಗೋಧಿ ಬಣ್ಣ ಬರುತ್ತದೆ. ಕೂದಲಿಗೆ ಕರಿ ಉಲ್ಲನ್. ಲಂಗಕ್ಕೆ ಲಂಬಾಣಿ ಮಾತಿನಲ್ಲಿ ಫೇಟಿಯಾ ಅಂತಾರೆ, ಕುಪ್ಪಸಕ್ಕೆ ಕಾಂಚಳಿ. ಎರಡಕ್ಕೂ ಕನ್ನಡಿ ಬಿಲ್ಲೆ. ನಾನು ಎಣಿಸಿದ ಒಂದು ಫೇಟಿಯಾದಲ್ಲೇ 38 ಇದ್ದವು. ಒಂದು ಗೊಂಬೆಗೆ ನಾಲ್ಕು ದಿನದ ಕೆಲಸ, ಬೆಲೆ 1,200 ರೂಪಾಯಿ. ವಾಪಸ್ ಬಂದರೆ ಎರಡೂ ಕಡೆಯ ಕೊರಿಯರ್ ಖರ್ಚು ಅಕ್ಕನ ಮೇಲೆ.

ದೂರು ಮೂರು ಥರ ಇತ್ತು. ಮೊದಲನೆಯವರು ಫೋಟೊದಲ್ಲಿ ಕಿತ್ತಳೆ ಲಂಗ ನೋಡಿ ತರಿಸಿದ್ದರು, ಕೈಗೆ ಬಂದದ್ದು ಕಡುಗೆಂಪು. ಎರಡನೆಯವರಿಗೆ ಮುಖ ಬೆಳ್ಳಗೆ ಕಂಡಿತ್ತು, ಬಂದದ್ದು ಗೋಧಿ ಬಣ್ಣ. ಮೂರನೆಯವರು ಹಸಿರು ದಾರ ಅಂದುಕೊಂಡದ್ದು ನೀಲಿ ಆಗಿತ್ತು. ಗೊಂಬೆ ಪಕ್ಕ ಫೋಟೊ ಇಟ್ಟು ನೋಡಿದೆ. ಗಿರಾಕಿಗಳು ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ. ಅಕ್ಕ ಹೇಳಿದ್ದರಲ್ಲೂ ತಪ್ಪಿರಲಿಲ್ಲ.

ಹದಿನಾಲ್ಕು ವರ್ಷದಿಂದ ಮದುವೆ ಫೋಟೊ ತೆಗೆಯುತ್ತಿದ್ದೇನೆ. ಅಲ್ಲಿ ಬಣ್ಣ ಚೂರು ಆಚೀಚೆ ಆದರೆ ಯಾರೂ ಕೇಳುವುದಿಲ್ಲ. ಮಾರುವ ವಸ್ತುವಿನ ಫೋಟೊ ಹಾಗಲ್ಲ. ಅದು ಗಿರಾಕಿಗೆ ಕೊಟ್ಟ ಮಾತು. ಹಾಗಾಗಿ ಇದನ್ನು ಪೂರ್ತಿ ಬಿಡಿಸಿ ನೋಡಬೇಕು ಅನ್ನಿಸಿತು.

ಫೋನಿನಲ್ಲಿದ್ದ ಸುಳಿವು

ಮೊದಲು ಅಕ್ಕನ ಫೋನ್ ತೆಗೆದುಕೊಂಡು ಜನವರಿಯಿಂದ ಜೂನ್‌ವರೆಗಿನ ಗೊಂಬೆ ಫೋಟೊಗಳನ್ನೆಲ್ಲ ಒಂದು ಕಡೆ ಹಾಕಿದೆ. ಒಟ್ಟು 212. ಜನವರಿ, ಫೆಬ್ರವರಿಯವು ಚೆನ್ನಾಗಿದ್ದವು. ಬಣ್ಣ ಸರಿ, ನೆರಳು ಮೆತ್ತಗೆ. ಏಪ್ರಿಲ್‌ನಿಂದ ಕೆಡುತ್ತಾ ಬಂದು ಮೇ, ಜೂನ್‌ನಲ್ಲಿ ಪೂರ್ತಿ ಕೆಟ್ಟಿದ್ದವು. ಅದೇ ಫೋನ್, ಅದೇ ಸ್ಟೂಲು, ಹಾಲ್‌ನ ಅದೇ ಉತ್ತರದ ಕಿಟಕಿ. ತೆಗೆದ ಹೊತ್ತೂ ಹೆಚ್ಚುಕಮ್ಮಿ ಒಂದೇ: ಮಕ್ಕಳು ಸ್ಕೂಲಿಗೆ ಹೋದ ಮೇಲೆ ಬೆಳಿಗ್ಗೆ ಎಂಟರ ಸುಮಾರು, ಇಲ್ಲಾ ಸಂಜೆ ಐದರ ಮೇಲೆ.

"ಉತ್ತರದ ಕಿಟಕಿ ಯಾಕೆ ಆರಿಸಿಕೊಂಡ್ರಿ ಅಕ್ಕಾ?"

"ಯೂಟ್ಯೂಬ್‌ನಾಗೆ ನೋಡಿದ್ದೆ. ಉತ್ತರದ ಕಿಟಕಿಗೆ ಬಿಸಿಲು ಬರಾಂಗಿಲ್ಲ, ಇಡೀ ದಿನ ಒಂದೇ ಥರ ಬೆಳಕು ಅಂತ."

ಗಂಟು ಇದ್ದದ್ದು ಅಲ್ಲೇ. ಉತ್ತರದ ಕಿಟಕಿಯ ಮಾತು ಯೂರೋಪಿನ ಚಿತ್ರಕಾರರ ಕಾಲದಿಂದ ಬಂದದ್ದು. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ನಮ್ಮ ದೆಹಲಿಯಲ್ಲೂ ಹಾಗೇ. ಆದರೆ ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಅಕ್ಷಾಂಶದಲ್ಲಿ. ಸೂರ್ಯ ಜೂನ್ 21ರ ಹೊತ್ತಿಗೆ 23.4 ಡಿಗ್ರಿ ಉತ್ತರದವರೆಗೆ ಹೋಗಿ ತಿರುಗುತ್ತಾನೆ. ಅಂದರೆ ನಮ್ಮ ಊರನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯಕ್ಕೆ ಒಮ್ಮೆ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಅಂತ ಪೇಪರ್‌ನಲ್ಲಿ ಬರುತ್ತದಲ್ವಾ, ಅದೇ.

ಈ ಎರಡು ದಿನಗಳ ನಡುವೆ, ಅಂದರೆ ಹೆಚ್ಚುಕಮ್ಮಿ ಕಾರ್ಮಿಕರ ದಿನದಿಂದ ಸ್ವಾತಂತ್ರ್ಯ ದಿನದವರೆಗೆ, ನಮ್ಮ ಊರಿನ ಸೂರ್ಯ ಬೆಳಗಿನಿಂದ ಸಂಜೆವರೆಗೂ ಆಕಾಶದ ಉತ್ತರ ಭಾಗದಲ್ಲೇ ಓಡಾಡುತ್ತಾನೆ. ನಡುಮಧ್ಯಾಹ್ನ ಕಿಟಕಿ ಮೇಲಿನ ಸಜ್ಜಾ ಬಿಸಿಲನ್ನು ತಡೆಯುತ್ತದೆ. ಬೆಳಿಗ್ಗೆ, ಸಂಜೆ ಸೂರ್ಯ ಕೆಳಗಿರುತ್ತಾನೆ, ಸಜ್ಜಾ ಏನೂ ಮಾಡಲಾರದು. ಜೂನ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ಸೂರ್ಯ ಪೂರ್ವದಿಂದ 19 ಡಿಗ್ರಿಯಷ್ಟು ಉತ್ತರಕ್ಕೆ ಸರಿದಿರುತ್ತಾನೆ. ಬಿಸಿಲು ಓರೆಯಾಗಿ ಉತ್ತರದ ಕಿಟಕಿಗೆ ನುಗ್ಗುತ್ತದೆ. ಅಕ್ಕ ಗೊಂಬೆ ಕೂರಿಸುತ್ತಿದ್ದದ್ದು ಕಿಟಕಿಗೆ ಅಂಟಿಕೊಂಡೇ. ಮೇ ತಿಂಗಳ ಫೋಟೊ ದೊಡ್ಡದು ಮಾಡಿ ನೋಡಿದರೆ ಫೇಟಿಯಾದ ಮೇಲೆ ಕಿಟಕಿ ಸರಳಿನ ನೆರಳು ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಅಕ್ಕ ಅದನ್ನು ಬಟ್ಟೆಯ ಮಡಿಕೆ ಅಂದುಕೊಂಡಿದ್ದರು.

ಮರುದಿನ ಎಂಟಕ್ಕೆ ಅಕ್ಕನ ಮನೆಗೇ ಹೋದೆ. ಮೋಡ ಇರಲಿಲ್ಲ. ಸ್ಟೂಲಿನ ಮೇಲೆ ಅಂಗೈ ಅಗಲದ ಬಿಸಿಲು. ಅಕ್ಕ ಅದನ್ನು ನೋಡುತ್ತಾ ನಿಂತರು. ಆರು ವರ್ಷದಿಂದ ಅದೇ ಮನೆಯಲ್ಲಿದ್ದಾರೆ. "ಹೌದಲ್ಲಾ, ಮಳೆಗಾಲದಾಗೆ ಬೆಳಿಗ್ಗೆ ಇಲ್ಲಿ ಪಾಪು ಬಟ್ಟೆ ಒಣಗಿಸ್ತಿದ್ದೆ" ಅಂದರು. ಗೊತ್ತಿದ್ದ ಸಂಗತಿಯೇ. ಫೋಟೊ ಕೆಲಸಕ್ಕೂ ಅದಕ್ಕೂ ನಂಟಿದೆ ಅಂತ ಅನ್ನಿಸಿರಲಿಲ್ಲ ಅಷ್ಟೆ.

ಕೆಂಪು ಯಾಕೆ ಕಿತ್ತಳೆ ಆಯಿತು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೈಕಸೂತಿ ಮಾರುವ ಎಲ್ಲರಿಗೂ ಬೇಕಾಗುವ ವಿಷಯ ಇದು.

ಫೋನಿನ ಫೋಟೊದಲ್ಲಿ ಪ್ರತಿ ಚುಕ್ಕೆಗೂ ಮೂರು ಅಂಕಿ ಇರುತ್ತವೆ: ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಒಂದೊಂದೂ 0ಯಿಂದ 255ರವರೆಗೆ. ಕಡುಗೆಂಪು ಬಟ್ಟೆ ಮೇಲೆ ನೇರ ಬಿಸಿಲು ಬಿದ್ದಾಗ ಕೆಂಪಿನ ಅಂಕಿ ಬೇಗ 255 ಮುಟ್ಟಿ ನಿಂತುಬಿಡುತ್ತದೆ. ಮೇಲೆ ಹೋಗಲು ಜಾಗ ಇಲ್ಲ. ಆದರೆ ಹಸಿರಿನ ಅಂಕಿ ಏರುತ್ತಲೇ ಇರುತ್ತದೆ. ಕೆಂಪು ನಿಂತು ಹಸಿರು ಏರಿದರೆ ಕಣ್ಣಿಗೆ ಕಾಣುವುದು ಕಿತ್ತಳೆ. ಜೊತೆಗೆ ಅಲ್ಲಿನ ಕೆಂಪು ದಾರದ ಹೊಲಿಗೆಯೂ ಮಾಯ, ಯಾಕಂದರೆ ದಾರಕ್ಕೂ ಬಟ್ಟೆಗೂ ಎರಡಕ್ಕೂ 255. ನಾಲ್ಕು ದಿನ ಕೂತು ಹಾಕಿದ ಕಸೂತಿ ಒಂದು ಬಣ್ಣದ ಮುದ್ದೆಯಾಗಿ ಕಾಣುತ್ತದೆ. ನನಗೆ ಹೆಚ್ಚು ಸಂಕಟ ಆದದ್ದು ಇದಕ್ಕೇ.

ಬೆಳ್ಳಗಾದ ಮುಖದ್ದು ಬೇರೆ ಕಥೆ. ಅಕ್ಕ ಹಿಂದೆ ಕಡುನೀಲಿ ಪರದೆ ಇಟ್ಟಿದ್ದರು. ಚೌಕಟ್ಟಿನಲ್ಲಿ ಕತ್ತಲೆ ಜಾಸ್ತಿ ಇದ್ದರೆ ಫೋನ್ ತಾನಾಗಿ ಬೆಳಕು ಏರಿಸುತ್ತದೆ. ಪರದೆ ಬೂದು ಆಯಿತು, ಮುಖ ಬಿಳಿ ಆಯಿತು. ಮೂರನೆಯದು ಸಂಜೆ ಹೊತ್ತಿನ ಫೋಟೊ. ಮೋಡ ಕವಿದಿತ್ತು ಅಂತ ಅಕ್ಕ ಹಳದಿ ಬಲ್ಬು ಹಾಕಿದ್ದರು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ. ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಮೋಡದ ದಿನದ ಕಿಟಕಿ ಬೆಳಕು 6500ರ ಆಸುಪಾಸು. ಎರಡೂ ಒಟ್ಟಿಗೆ ಇದ್ದಾಗ ಫೋನ್ ಯಾವುದನ್ನು ಬಿಳಿ ಅಂತ ಹಿಡಿಯಬೇಕು? ಬಲ್ಬು ಬಿದ್ದ ಕಡೆ ನೀಲಿ ದಾರ ಹಸಿರಿನ ಕಡೆ ಜಾರಿತ್ತು. ಇದಕ್ಕೆ ಮದ್ದು ಸುಲಭ. ಕಿಟಕಿ ಬೆಳಕಿನಲ್ಲಿ ತೆಗೆಯುವಾಗ ಮನೆಯ ಎಲ್ಲ ಲೈಟೂ ಆಫ್.

ಇನ್ನೊಂದು ಸಣ್ಣ ಸಂಗತಿಯನ್ನು ಅಕ್ಕನ ಮಗಳು ಹಿಡಿದಳು. ಗೊಂಬೆಗಳ ಗದ್ದದ ಕೆಳಗೆ, ತೋಳಿನ ಅಡಿಯಲ್ಲಿ ತಿಳಿ ಕೆಂಪು. ಹಾಲ್‌ನ ನೆಲ ಹಳೇ ಕಾಲದ ರೆಡ್ ಆಕ್ಸೈಡ್. ಬಿಸಿಲು ನೆಲಕ್ಕೆ ಬಿದ್ದು, ಕೆಂಪಾಗಿ ಪುಟಿದು, ಗೊಂಬೆಯ ಗದ್ದಕ್ಕೆ ಹತ್ತುತ್ತಿತ್ತು. ಸ್ಟೂಲಿನ ಸುತ್ತ ಬಿಳಿ ಪಂಚೆ ಹಾಸಿದೆವು. ಕೆಂಪು ಹೋಯಿತು.

ಅಡುಗೆಮನೆ ಕಟ್ಟೆ

ಉತ್ತರದಲ್ಲಿ ಬಿಸಿಲಿದೆ ಅಂದರೆ ದಕ್ಷಿಣದಲ್ಲಿ ಇಲ್ಲ ಅಂತ ಆಯಿತಲ್ಲ. ಅಕ್ಕನ ಮನೆಯಲ್ಲಿ ದಕ್ಷಿಣದ ಕಿಟಕಿ ಇರುವುದು ಅಡುಗೆಮನೆಯಲ್ಲಿ, ಕಟ್ಟೆಯ ಮೇಲೆ. ಅಗಲ ಮೂರು ಅಡಿ, ಎತ್ತರ ನಾಲ್ಕು ಅಡಿ. ಎದುರಿಗೆ ಎಂಟು ಅಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಸಿಮೆಂಟ್ ಗಾರೆ, ಬಣ್ಣ ಹೊಡೆದಿಲ್ಲ. ನನಗೆ ಖುಷಿಯಾದದ್ದು ಆ ಗೋಡೆ ನೋಡಿ. ಅದಕ್ಕೆ ಬಿಸಿಲು ಬಿದ್ದು ಈ ಕಡೆ ಬರುವ ಬೆಳಕು ಮೆತ್ತಗಿತ್ತು. ಬೂದು ಗೋಡೆಯಾದ್ದರಿಂದ ಬಣ್ಣವೂ ಬೆರೆಯುತ್ತಿರಲಿಲ್ಲ.

ಕಿಟಕಿಯ ಸೊಳ್ಳೆ ಪರದೆ ಬಿಚ್ಚಿ ತೊಳೆದು ಬದಿಗಿಟ್ಟೆವು. ಎಣ್ಣೆ ಜಿಡ್ಡು, ಧೂಳು ಕೂತು ಅದು ಅರೆ ಕತ್ತಲೆ ಮಾಡಿತ್ತು. ಅಡುಗೆ ಮುಗಿದು ಕಟ್ಟೆ ಒರೆಸಿದ ಮೇಲೆ ಹತ್ತೂವರೆಯಿಂದ ಹನ್ನೊಂದೂವರೆ ಅಂತ ಹೊತ್ತು ಗೊತ್ತು ಮಾಡಿಕೊಂಡೆವು. ಕರಿ ಗ್ರಾನೈಟ್ ಮೇಲೆ ಬಿಳಿ ಡ್ರಾಯಿಂಗ್ ಶೀಟ್.

ಬೆಳಕು ಮೆತ್ತಗಿರುವುದೋ ಗಡುಸಾಗಿರುವುದೋ ಅನ್ನುವುದು ಬೆಳಕಿನ ಮೂಲ ಎಷ್ಟು ದೊಡ್ಡದು ಅನ್ನುವುದರ ಮೇಲೆ ನಿಂತಿದೆ. ಎಷ್ಟು ದೊಡ್ಡದು ಅಂದರೆ, ಗೊಂಬೆಯ ಕಣ್ಣಿಗೆ ಎಷ್ಟು ದೊಡ್ಡದು ಅಂತ. ಸೂರ್ಯ ಭಾರಿ ದೊಡ್ಡವನೇ, ಆದರೆ ಗೊಂಬೆ ಇರುವಲ್ಲಿಂದ ಒಂದು ಬಿಲ್ಲೆ. ಅದಕ್ಕೇ ನೆರಳು ಕತ್ತಿಯ ಹಾಗೆ. ಮೂರು ಅಡಿ ಕಿಟಕಿ 11 ಇಂಚಿನ ಗೊಂಬೆಗೆ ಊರ ಬಾಗಿಲಿದ್ದ ಹಾಗೆ. ಬೆಳಕು ಎಲ್ಲ ಕಡೆಯಿಂದ ಬಂದು ಅಪ್ಪಿಕೊಳ್ಳುತ್ತದೆ. ಹಾಗಂತ ಕಿಟಕಿಗೆ ಅಂಟಿಸಿ ಇಡಬಾರದು. ತೀರಾ ಹತ್ತಿರ ಇಟ್ಟರೆ ಕಿಟಕಿ ಕಡೆಯ ಕೆನ್ನೆ ಬೆಳಗಿ ಆ ಕಡೆಯ ಕೆನ್ನೆ ಕತ್ತಲಾಗುತ್ತದೆ. ಒಂದು ಅಡಿ, ಎರಡು ಅಡಿ, ಎರಡೂವರೆ, ನಾಲ್ಕು ಅಂತ ಇಟ್ಟು ನೋಡಿದೆವು. ಅಕ್ಕನ ಮನೆಗೆ ಎರಡೂವರೆ ಅಡಿ ಸರಿಹೋಯಿತು. ಬೆಳಕು ಗೊಂಬೆಯ ಎಡಗಡೆಯಿಂದ, ತುಸು ಮುಂದಿನಿಂದ. ಬಲಗಡೆ ಒಂದು ಅಡಿ ದೂರದಲ್ಲಿ ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ಆ ಕಡೆಯ ನೆರಳು ತಿಳಿಯಾಗುತ್ತದೆ. ಹತ್ತಿರ ತಂದಷ್ಟೂ ತಿಳಿ. ಪೂರ್ತಿ ತೆಗೆದುಹಾಕಬೇಡಿ ಅಂತ ಅಕ್ಕನಿಗೆ ಹೇಳಿದೆ. ನೆರಳು ಇದ್ದರೇ ಮೂಗು ಮೂಗಾಗಿ, ಹೊಲಿಗೆ ಹೊಲಿಗೆಯಾಗಿ ಕಾಣುವುದು.

ಫೋನಿನ ಕಡೆ ಮಾಡಿದ ಬದಲಾವಣೆ ಹೆಚ್ಚೇನಿಲ್ಲ. ಫೋನನ್ನು ಸ್ಟ್ಯಾಂಡಿಗೆ ಹಾಕಿ ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಸಿದೆವು. 2ಎಕ್ಸ್ ಲೆನ್ಸ್ ಹಾಕಿ ತುಸು ಹಿಂದೆ ಸರಿದೆವು, ಹತ್ತಿರದಿಂದ ತೆಗೆದರೆ ತಲೆ ದಪ್ಪ, ಕಾಲು ಸಣ್ಣ ಆಗುತ್ತದೆ. ಮುಖದ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಕೆಂಪು ಬಟ್ಟೆಯಲ್ಲಿ ದಾರದ ಎಳೆ ಕಾಣುವವರೆಗೆ ಬೆಳಕು ಇಳಿಸುವುದು. ಕೈ ಅಲುಗದಂತೆ ಮೂರು ಸೆಕೆಂಡಿನ ಟೈಮರ್. ಪೋರ್ಟ್ರೇಟ್ ಮೋಡ್ ಬೇಡವೇ ಬೇಡ ಅಂದೆ, ಅದು ಉಲ್ಲನ್ ಕೂದಲಿನ ಅಂಚನ್ನು ತಿಂದುಹಾಕುತ್ತಿತ್ತು. ಪ್ರತಿ ಸಲ ಮೊದಲ ಫೋಟೊ ಗೊಂಬೆ ಪಕ್ಕ ಬಿಳಿ ಕಾಗದ ಇಟ್ಟು ತೆಗೆಯಬೇಕು. ಆಮೇಲೆ ಬಣ್ಣ ತಿದ್ದುವಾಗ ಆ ಕಾಗದ ಬಿಳಿಯಾಗಿ ಕಂಡರೆ ಉಳಿದದ್ದೂ ಸರಿ.

ಮೂವತ್ತೆಂಟು ಕನ್ನಡಿ

ಇಷ್ಟಾದ ಮೇಲೂ ಒಂದು ಕೆಲಸ ಉಳಿದಿತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು, ಹೆಚ್ಚು ಕಲಿಸಿದ್ದೂ ಅದೇ.

ಫೇಟಿಯಾದ ಕನ್ನಡಿ ಬಿಲ್ಲೆಗಳು ಉಗುರಿನಷ್ಟು ಅಗಲ. ಬಟ್ಟೆ ಎಲ್ಲಿ ಹೇಗೆ ಮಡಿಸಿದೆಯೋ ಕನ್ನಡಿ ಹಾಗೆ ಮುಖ ಮಾಡಿರುತ್ತದೆ. ಒಂದು ಮೇಲೆ ನೋಡುತ್ತದೆ, ಒಂದು ಪಕ್ಕಕ್ಕೆ, ಒಂದು ನನ್ನ ಕಡೆಗೇ. ಮೊದಲ ದಿನದ ಫೋಟೊ ದೊಡ್ಡದು ಮಾಡಿದರೆ ಒಂದರಲ್ಲಿ ನನ್ನ ಹಳದಿ ಅಂಗಿ, ಒಂದರಲ್ಲಿ ಗ್ಯಾಸ್ ಸಿಲಿಂಡರ್, ಇನ್ನೊಂದರಲ್ಲಿ ಪ್ಲಾಸ್ಟಿಕ್ ಬಕೆಟ್ಟಿನ ಹಸಿರು. ದೂರದಿಂದ ನೋಡಿದರೆ ಲಂಗಕ್ಕೆ ಕೊಳೆ ಹತ್ತಿದ ಹಾಗೆ.

ಕನ್ನಡಿಯ ನಿಯಮ ಒಂದೇ. ಬೆಳಕು ಯಾವ ಕೋನದಲ್ಲಿ ಬಂದು ಬಡಿಯುತ್ತದೋ ಅದೇ ಕೋನದಲ್ಲಿ ಆಚೆ ಹೋಗುತ್ತದೆ. ಹಾಗಾಗಿ ಬಿಲ್ಲೆಯ ಬಣ್ಣ ಅಂತ ಒಂದಿಲ್ಲ, ಅದು ನೋಡುತ್ತಿರುವ ಜಾಗದ ಬಣ್ಣವೇ ಅದರ ಬಣ್ಣ. ಬಿಲ್ಲೆಯನ್ನು ತಿದ್ದಬೇಕಾದರೆ ಅದು ನೋಡುವ ಜಾಗವನ್ನು ತಿದ್ದಬೇಕು.

ದೊಡ್ಡ ಬಿಳಿ ರಟ್ಟಿನಲ್ಲಿ ಲೆನ್ಸಿನಷ್ಟು ತೂತು ಮಾಡಿ, ಅದರ ಹಿಂದಿನಿಂದ ತೆಗೆದೆ. ಅಂಗಿ, ಬಕೆಟ್ಟು, ಸಿಲಿಂಡರ್ ಎಲ್ಲ ಹೋದವು. ಕನ್ನಡಿಗಳೆಲ್ಲ ಬೆಳ್ಳಗಾದವು. ನನಗೆ ಸಮಾಧಾನವಾಯಿತು. ಅಕ್ಕನಿಗೆ ಆಗಲಿಲ್ಲ.

"ಇವು ಕನ್ನಡಿ ಅಲ್ಲ ತಮ್ಮಾ, ಬಿಳಿ ಗುಂಡಿ ಹೊಲಿದಂಗೆ ಕಾಣ್ತಾವೆ. ಕನ್ನಡಿ ಅಂದ್ಮೇಲೆ ಮಿಣುಕಬೇಕು. ಎಲ್ಲಾನೂ ಮಿಣುಕೋದು ಬ್ಯಾಡ. ನಡದಾಗ ಒಂದೆರಡು ಮಿಣುಕ್ತಾವಲ್ಲ, ಹಂಗೆ."

ನಡೆಯುವಾಗ ಒಂದೆರಡು ಮಿಣುಕುವುದು. ಆ ಮಾತು ಹಿಡಿದುಕೊಂಡೇ ಮುಂದಿನ ಎರಡು ದಿನ ಕೆಲಸ ಮಾಡಿದೆವು. ಮಿಣುಕು ಕಾಣಬೇಕಾದರೆ ಪಕ್ಕದಲ್ಲಿ ಕತ್ತಲೆ ಬೇಕು. ನಮ್ಮ ಮನೆಯಲ್ಲಿ ಚಳ್ಳಕೆರೆಯಿಂದ ತಂದ ಕರಿ ಕಂಬಳಿ ಇತ್ತು. ಕುರಿ ಉಣ್ಣೆಯ ಕಂಬಳಿ ಬೆಳಕನ್ನು ಕುಡಿದುಬಿಡುತ್ತದೆ, ಹೊಳಪೇ ಇಲ್ಲ. ಫೋನಿನ ಸುತ್ತ, ನನ್ನ ಹಿಂದೆ ಅದನ್ನೇ ನೇತುಹಾಕಿದೆವು. ಬಲಗಡೆಯ ಥರ್ಮಾಕೋಲ್ ಹಾಗೇ ಇತ್ತು. ಈಗ ನಮ್ಮ ಕಡೆ ನೋಡುವ ಬಿಲ್ಲೆಗಳು ಕಪ್ಪು ಬೂದಿಯಾದವು, ಥರ್ಮಾಕೋಲ್ ನೋಡುವವು ಬೆಳ್ಳಿಯಾದವು, ಕಿಟಕಿಯನ್ನೇ ನೋಡುವ ನಾಲ್ಕೈದು ಜೋರಾಗಿ ಮಿಂಚಿದವು. ಅಕ್ಕ ಬೆರಳ ತುದಿಯಿಂದ ಲಂಗದ ನೆರಿಗೆ ಒಂಚೂರು ತಿರುಗಿಸುವುದು, ನಾನು ಫೋನಿನಲ್ಲಿ ನೋಡಿ "ಅದಾಯ್ತು, ಪಕ್ಕದ್ದು" ಅನ್ನುವುದು. ನೆರಿಗೆ ಒಂದು ಕೂದಲೆಳೆ ತಿರುಗಿದರೆ ಕಪ್ಪಿದ್ದ ಬಿಲ್ಲೆಯಲ್ಲಿ ಕಿಟಕಿ ಪೂರ್ತಿ ಮೂಡುತ್ತಿತ್ತು, ನಾಲ್ಕು ಸರಳಿನ ಸಮೇತ. ಕಡೆಗೆ ಮಿಂಚುವವು ಮೂರು ಸಾಕು ಅಂತ ಅಕ್ಕನೇ ನಿಲ್ಲಿಸಿದರು. ಒಂದು ಕಾಂಚಳಿಯ ಎದೆ ಮೇಲೆ, ಎರಡು ಲಂಗದ ಅಂಚಿನಲ್ಲಿ.

ಆ ಫೋಟೊವನ್ನು ನಾನು ಸ್ಟುಡಿಯೊದಲ್ಲಿ ಹಾಕಿಕೊಂಡಿದ್ದೇನೆ.

ಆಮೇಲೆ

ವಾಪಸ್ ಬಂದ ಮೂರು ಗೊಂಬೆಗಳಿಗೇ ಹೊಸ ಫೋಟೊ ತೆಗೆದು ಹಾಕಿದರು. ಮೂರೂ ಜುಲೈ ಒಳಗೆ ಹೋದವು. ದಸರಾವರೆಗೆ 31 ಗೊಂಬೆ ಮಾರಾಟವಾದವು. ವಾಪಸ್ ಬಂದದ್ದು ಒಂದೇ, ಅದೂ ಬಿಲ್ಲೆಯೊಂದು ದಾರಿಯಲ್ಲಿ ಕಿತ್ತುಬಂದಿತ್ತು ಅಂತ. ಬಣ್ಣದ ದೂರು ಬರಲಿಲ್ಲ.

ಕಡುನೀಲಿ ದಾರ ಮಾತ್ರ ಈಗಲೂ ಕೆಲವರ ಫೋನಿನಲ್ಲಿ ಕಪ್ಪಾಗಿ ಕಾಣುತ್ತದೆ. ರಾತ್ರಿ ಹೊತ್ತು ಸ್ಕ್ರೀನ್ ಹಳದಿ ಮಾಡಿಕೊಂಡು ನೋಡುವವರಿಗೆ ಎಲ್ಲವೂ ಹಳದಿಯೇ. ಅದು ನಮ್ಮ ಕೈಯಲ್ಲಿಲ್ಲ. ಅಕ್ಕ ಈಗ ಪ್ರತಿ ಫೋಟೊದ ಕೆಳಗೆ ಬಣ್ಣವನ್ನು ಮಾತಿನಲ್ಲೂ ಬರೆಯುತ್ತಾರೆ: ಕುಂಕುಮದ ಕೆಂಪು, ಅರಿಶಿನ, ನೇರಳೆ ಹಣ್ಣಿನ ಸಿಪ್ಪೆ. ಜೊತೆಗೆ ಗೊಂಬೆಯನ್ನು ಅಂಗೈ ಮೇಲೆ ಕೂರಿಸಿದ ಒಂದು ಫೋಟೊ. ಎಷ್ಟು ದೊಡ್ಡದು ಅಂತ ಕೇಳುವ ಮೆಸೇಜು ಅದರಿಂದ ನಿಂತಿತು.

ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಅಕ್ಕನ ಮಗಳು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾಳೆ. ಆಗಸ್ಟ್ 15ರ ಚೌಕದಲ್ಲಿ "ಹಾಲ್‌ಗೆ, ಮಧ್ಯಾಹ್ನ ಮಾತ್ರ". ಆ ದಿನದಿಂದ ನಡುಹಗಲ ಸೂರ್ಯ ದಕ್ಷಿಣಕ್ಕೆ ಬಂದಿರುತ್ತಾನೆ, ಆದರೆ ಬೆಳಿಗ್ಗೆ, ಸಂಜೆ ಇನ್ನೂ ಉತ್ತರದ ಕಿಟಕಿಗೆ ಇಣುಕುತ್ತಾನೆ. ಸೆಪ್ಟೆಂಬರ್ 23ರಲ್ಲಿ "ಇಡೀ ದಿನ". ಅಲ್ಲಿಂದ ಮಾರ್ಚ್ 21ರವರೆಗೆ ಉತ್ತರದ ಕಿಟಕಿ ಯೂಟ್ಯೂಬ್‌ನವರು ಹೇಳಿದ ಹಾಗೇ ಇರುತ್ತದೆ.

ದೀಪಾವಳಿಗೆ ಪಕ್ಕದ ಮನೆಯವರು ಆ ಸಿಮೆಂಟ್ ಗೋಡೆಗೆ ಪಿಸ್ತಾ ಹಸಿರು ಹೊಡೆಸಿದರು. ಈಗೇನೂ ತೊಂದರೆ ಇಲ್ಲ, ಅಕ್ಕ ಹಾಲ್‌ನಲ್ಲಿ ತೆಗೆಯುತ್ತಿದ್ದಾರೆ. ಮೇ ತಿಂಗಳಿಗೆ ಆ ಗೋಡೆಯಿಂದ ಬರುವುದು ಹಸಿರು ಬೆಳಕು. ಅಕ್ಕ ಆಗಲೇ ಪಕ್ಕದ ಮನೆಯ ಅತ್ತೆಯವರ ಹತ್ತಿರ ಮಾತಾಡಿ ಬಂದಿದ್ದಾರೆ. ಹತ್ತೂವರೆಯಿಂದ ಹನ್ನೊಂದೂವರೆವರೆಗೆ ಅವರ ತಾರಸಿಯಿಂದ ಒಂದು ಬಿಳಿ ಡಬಲ್ ಬೆಡ್‌ಶೀಟ್ ಇಳಿಬಿಡುವುದು, ಬದಲಿಗೆ ಅವರ ಮೊಮ್ಮಗಳಿಗೆ ಒಂದು ಗೊಂಬೆ ಅಂತ ಮಾತಾಗಿದೆ.